ತಂಬೂರಿಯ ಹಿಂದೆ ಕುಳಿತವರು

ಸಂಗೀತ ಕಚೇರಿಯ ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿರುತ್ತದೆ. ಪಿಟೀಲು, ಮೃದಂಗ, ಘಟದವರ ಹೆಸರುಗಳೂ ಇರುತ್ತವೆ. ತಂಬೂರಿಯವರ ಹೆಸರನ್ನು ಮಾತ್ರ ಬಹುಮಟ್ಟಿಗೆ ಕಾಣೆವು. ಮೂರು ಗಂಟೆಗಳ ಕಾಲ ಬೆನ್ನು ಬಾಗಿಸದೆ ಕುಳಿತು ನಾಲ್ಕೇ ತಂತಿಗಳನ್ನು ಮೀಟುವ ಈ ವ್ಯಕ್ತಿಯಿಂದ ಆಗುವ ಕೆಲಸವಾದರೂ ಏನೆಂದು ರಾಮನವಮಿಯ ಚಪ್ಪರವೊಂದರಲ್ಲಿ ಮಿತ್ರರೊಬ್ಬರು ನನ್ನನ್ನು ಕೇಳಿದರು. ಏನೂ ಇಲ್ಲವೆಂದೇ ಉತ್ತರಿಸಬೇಕಾಯಿತು. ಗಾಯಕರ ಮಗ್ಗುಲಲ್ಲಿ ಪುಸ್ತಕದ ಗಾತ್ರದ ಶ್ರುತಿಪೆಟ್ಟಿಗೆಯೊಂದು ಮೈಕಿಗೆ ಮುಖವಿಟ್ಟು ಮೊರೆಯುತ್ತಿತ್ತು. ಹಿಂದೆ ಕುಳಿತ ಶಿಷ್ಯೆಯ ತಂಬೂರಿಗೆ ಮೈಕೇ ಇರಲಿಲ್ಲ. ಆಕೆಯ ಬೆರಳು ಆಡುತ್ತಿತ್ತು, ಅಷ್ಟೆ.

ಹಾಗೆಂದು ತಂಬೂರಿ ಮೀಟುವುದು ಅಲ್ಪವಿದ್ಯೆಯೆಂದು ಯಾರೂ ಭಾವಿಸಬಾರದು. ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಎಂಬ ನಾಲ್ಕು ತಂತಿಗಳನ್ನು ಶ್ರುತಿಗೂಡಿಸಿ, ಕುದುರೆಯ ಮೇಲೆ ತಂತಿಯಡಿಯ ನೂಲಿನೆಳೆಯನ್ನು ಇಷ್ಟಿಷ್ಟೇ ಸರಿಸಿ ಜೀವ ಕೂಡಿಸಬೇಕಾದರೆ ಕಿವಿ ಚೆನ್ನಾಗಿ ಪಳಗಿರಬೇಕು. ಜೀವ ಕೂಡಿತೆಂದರೆ, ಯಾವ ತಂತಿಗೂ ಕೂಡಿಸಿರದ ಅಂತರಗಾಂಧಾರವು ಮಂದ್ರದಿಂದ ತಾನಾಗಿ ಒಸರುತ್ತದೆ. ಇನ್ನು ಮೀಟುವಾಗಲೋ, ತನಿ ಆವರ್ತನದಲ್ಲಿ ಮೃದಂಗದವರು ಎಷ್ಟೇ ಕೆಣಕಿದರೂ ಬೆರಳು ಆ ಲಯದ ಹಿಂದೆ ಓಡಕೂಡದು. ಸಭೆಯೆಲ್ಲ ತೊಡೆ ತಟ್ಟುತ್ತಿರುವಾಗ ಒಬ್ಬರು ಮಾತ್ರ ತಾಳದ ಗೊಡವೆಯಿಲ್ಲದೆ ಕೂರುವುದು ಸುಲಭವೆ? ನಾನೂ ಒಮ್ಮೆ ಪ್ರಯತ್ನಿಸಿದವನೇ. ಎರಡೇ ನಿಮಿಷದಲ್ಲಿ ಆದಿತಾಳ ನನ್ನನ್ನು ಎಳೆದೊಯ್ದಿತು.

ಯಂತ್ರವನ್ನು ನಾನು ಹಳಿಯುತ್ತಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯಿಂದ, ಒಂಟಿಯಾಗಿ ಸಾಧನೆ ಮಾಡುವವರಿಗೆ ಆದ ಉಪಕಾರ ಅಷ್ಟಿಷ್ಟಲ್ಲ. ತುಂಬಿದ ಬಸ್ಸಿನಲ್ಲಿ ತಂಬೂರಿಯ ಬುರುಡೆಯನ್ನು ಮಗುವಿನಂತೆ ಕಾಪಾಡಿಕೊಂಡು ಹೋದವರಿಗೆ ಅದರ ಬೆಲೆ ಗೊತ್ತು. ಆದರೆ ಯಂತ್ರವನ್ನು ನೆಚ್ಚುವ ವಿದ್ವಾಂಸರು ಅದನ್ನೇ ನೆಚ್ಚಲಿ. ಹಿಂದೊಬ್ಬ ಹುಡುಗಿಯನ್ನು ಶೋಭೆಗಾಗಿ ಕೂರಿಸುವುದೇಕೆ? ಶಿಷ್ಯರಿಗೆ ವೇದಿಕೆಯ ಅಭ್ಯಾಸವಾಗಲೆಂದು, ಎಂಬ ಸಮಾಧಾನವನ್ನು ಕೇಳಿದ್ದೇನೆ. ತಾನು ಮೀಟಿದ ನಾದ ತನ್ನ ಕಿವಿಗೇ ಬೀಳದೆಡೆಯಲ್ಲಿ ಆಕೆ ಕಲಿಯುವುದೇನು? ಸುಮ್ಮನೆ ಕಾಣಿಸಿಕೊಳ್ಳುವುದನ್ನೇ ಕಲಿತಾಳು. ನಾಳೆ ತಾನೇ ಮುಂದೆ ಕುಳಿತಾಗ, ತನ್ನ ಹಿಂದೆಯೂ ಅಂಥದೇ ಒಂದು ಬೊಂಬೆಯನ್ನು ಕೂರಿಸಿಕೊಂಡಾಳು.

ಅಂದು ಮಂಗಳವಾದ ಮೇಲೆ ಎಲ್ಲರಿಗೂ ಶಾಲು ಹೊದಿಸಿದರು. ಆ ಹುಡುಗಿ ತಂಬೂರಿಗೆ ಗವಸು ತೊಡಿಸುತ್ತಿದ್ದಳು. ಸಭೆಗಳ ಕಾರ್ಯದರ್ಶಿಗಳು ಮುಂದಿನ ವರ್ಷದ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ತಂಬೂರಿಯವರಿಗಾಗಿ ಒಂದು ಸಾಲನ್ನೂ, ವೇದಿಕೆಯ ಮೇಲೆ ಒಂದು ಮೈಕನ್ನೂ ಮೀಸಲಿಡಲಿ. ಶಾಲಿನ ಮಾತನ್ನು ಆಮೇಲೆ ನೋಡಿಕೊಳ್ಳೋಣ.