ಹಿತ್ತಲಿಗೆ ಹುಂಜವೆಷ್ಟು?

ಹುಂಜವಿಲ್ಲದೆ ಹೇಟೆಕೋಳಿ ಮೊಟ್ಟೆಯಿಡದೆಂಬ ನಂಬಿಕೆ ವಿದ್ಯಾವಂತರಲ್ಲೂ ಉಳಿದಿರುವುದು ಸೋಜಿಗ. ಜೀವಶಾಸ್ತ್ರ ಓದಿದ ನನ್ನ ಶಿಷ್ಯರೇ ಹೀಗೆಂದರೆ ಏನು ಹೇಳಲಿ! ಹುಂಜ ಬೇಕಾದುದು ಮರಿಗಾಗಿ, ಮೊಟ್ಟೆಗಲ್ಲ. 10 ಹೇಟೆಗಳಿಗೆ ಒಂದು ಹುಂಜ ಧಾರಾಳ. ಐದು ಹೇಟೆಗಳ ನಡುವೆ ಮೂರನ್ನು ಬಿಟ್ಟರೆ ಆ ಬಡಪಾಯಿಗಳ ಬೆನ್ನಿನ ಗರಿ ಉದುರಿ, ಚರ್ಮ ಹರಿಯುತ್ತದೆ. ನೆರೆಯವರ ನಿದ್ರಾಭಂಗ ಬೇರೆ.

ಗೂಡನ್ನು ಕತ್ತಲಾಗಿಸಿದರೆ ಕೂಗು ನಿಲ್ಲುವುದೆಂದು ಕೆಲವರ ವಾದ. ಬೆಳಕು ಹರಿಯುವ ಮುನ್ನವೇ ಹುಂಜವನ್ನು ಕೂಗಿಸುವುದು ಅದರ ಒಡಲೊಳಗಿನ ಗಡಿಯಾರವೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಕಿಂಡಿಗಳಿಗೆ ಗೋಣಿಚೀಲ ತುರುಕುವವರು ಹಿಕ್ಕೆಯಿಂದೇಳುವ ಅಮೋನಿಯದಿಂದ ಕೋಳಿಗಳ ಕಣ್ಣು, ಶ್ವಾಸ ಎರಡನ್ನೂ ಕೆಡಿಸುತ್ತಾರೆ, ಅಷ್ಟೆ. ಗಾಳಿಕಿಂಡಿ ಕೋಳಿ ಕೂರುವ ಅಡ್ಡಗೋಲಿಗಿಂತ ಮೇಲಿರಲಿ. ಮುಂಗುಸಿ ನುಸುಳದಂತೆ ಅದಕ್ಕೆ ಅರ್ಧ ಅಂಗುಲದ ಗಟ್ಟಿ ತಂತಿಬಲೆ ಹೊಡೆಯಿರಿ. ಹೆಚ್ಚುವರಿ ಹುಂಜಗಳನ್ನು ಎಳವೆಯಲ್ಲೇ ಬೇರ್ಪಡಿಸಿರಿ.