ವೈಫೈ ಕಾಣದಿದ್ದರೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದಲ್ಲ

ತಮಿಳುನಾಡು ಸರ್ಕಾರ 2011ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತು. ಹೊಸೂರು, ತಾಳವಾಡಿ ಕಡೆಯ ನಮ್ಮ ಕನ್ನಡ ಮಕ್ಕಳ ಕೈಗೂ ಅವು ಬಂದವು. ಆರಂಭದ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಅಂಥ ಹಳೆಯ ಯಂತ್ರಕ್ಕೆ ಇಂದು ಹಗುರವಾದ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಆದರೆ ಹಾಕಿದ ದಿನವೇ ವೈಫೈ ಕಾಣದೆ ಹೋದರೆ, ‘ಕಾರ್ಡ್ ಹೋಗಿದೆ’ ಎಂದು ಅದನ್ನು ಬೀರುವಿಗೆ ಸೇರಿಸಿಬಿಡುತ್ತೇವೆ. ಇದು ಸರಿಯಲ್ಲ.

ಮೊದಲು ಟರ್ಮಿನಲ್ ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಡಿ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್ಚನ್ನೋ ವೈಫೈ ಗುಂಡಿಯನ್ನೋ ನೋಡಿ. ‘ಸಾಫ್ಟ್ ಬ್ಲಾಕ್ಡ್’ ಎದುರು ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು.

ಅದಾಗದಿದ್ದರೆ ‘ಎಲ್‌ಎಸ್‌ಪಿಸಿಐ’ ಆದೇಶಕ್ಕೆ ಅಡ್ಡಗೆರೆ ಮತ್ತು ‘ಎನ್‌ಎನ್‌ಕೆ’ ಅಕ್ಷರಗಳನ್ನು ಸೇರಿಸಿ ಕೊಡಿ. ಪಟ್ಟಿಯಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇದ್ದರೆ ಯಂತ್ರ ಅದನ್ನು ಗುರುತಿಸಿದೆ ಎಂದರ್ಥ. ಕೆಳಗೆ ‘ಡ್ರೈವರ್ ಇನ್ ಯೂಸ್’ ಸಾಲು ಇಲ್ಲದಿದ್ದರೆ ಡ್ರೈವರ್ ಹಿಡಿದಿಲ್ಲ. ಡ್ರೈವರ್ ಇದ್ದೂ ನಡೆಯದಿದ್ದರೆ ಫರ್ಮ್‌ವೇರ್ ಕಡತ ಇಲ್ಲದಿರಬಹುದು. ‘ಡಿಮೆಸೇಜ್’ ಅದನ್ನು ತಿಳಿಸುತ್ತದೆ. ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಅಂತರ್ಜಾಲ ಪಡೆದು ಅದನ್ನು ಇಳಿಸಿಕೊಳ್ಳಿ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಅನುಸ್ಥಾಪನೆಯ ಜೊತೆಗೇ ಬರುತ್ತಿದೆ.

ಇನ್ನೊಂದು ತೊಡಕು ಬ್ರಾಡ್‌ಕಾಮ್ ಕಾರ್ಡುಗಳದು. ಬಿ43, ಬಿಆರ್‌ಸಿಎಂಎಸ್‌ಮ್ಯಾಕ್, ಡಬ್ಲ್ಯೂಎಲ್ ಎಂಬ ಡ್ರೈವರ್‌ಗಳಲ್ಲಿ ಎರಡು ಒಂದೇ ಕಾರ್ಡಿಗೆ ಕೈಹಾಕುವುದುಂಟು. ಒಂದೇ ಪೀರಿಯಡ್‌ಗೆ ಇಬ್ಬರು ಮೇಷ್ಟ್ರು ತರಗತಿಗೆ ಬಂದು ನಿಂತಂತೆ. ಪಾಠ ಯಾರದೂ ನಡೆಯುವುದಿಲ್ಲ. ನಿಮ್ಮ ಕಾರ್ಡಿಗೆ ಹೊಂದುವ ಒಂದನ್ನು ಉಳಿಸಿ, ಉಳಿದದ್ದನ್ನು ‘ಮಾಡ್‌ಪ್ರೋಬ್’ ಕಡತಕೋಶದ ಬ್ಲ್ಯಾಕ್‌ಲಿಸ್ಟಿಗೆ ಸೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿ.

ಇಷ್ಟೆಲ್ಲ ತಲೆನೋವು ಏಕೆ, ಅಂಗಡಿಗೆ ಕೊಟ್ಟರಾಯಿತು ಎನ್ನುವಿರಾ? ಪಠ್ಯಪುಸ್ತಕ ತಡವಾದಾಗ ಪಿಡಿಎಫ್ ಇಳಿಸಿಕೊಳ್ಳಬೇಕಾದ ಕನ್ನಡ ಶಾಲೆಗೆ ಒಂದೊಂದು ಲ್ಯಾಪ್‌ಟಾಪೂ ಬೆಲೆಯುಳ್ಳದ್ದು. ಅದಕ್ಕಿಂತ ಮುಖ್ಯ, ಏನು ಕೆಟ್ಟಿದೆ ಎಂದು ಹಂತಹಂತವಾಗಿ ಹುಡುಕುವುದೇ ಒಂದು ವಿಜ್ಞಾನ ಪಾಠ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್‌ನಲ್ಲೇ ಐಟಿ ಕಲಿಯುತ್ತಿದ್ದಾರೆ. ನಮ್ಮ ಮಕ್ಕಳಿಗೂ ಇದು ಎಟುಕದ ವಿದ್ಯೆಯಲ್ಲ.

ಆದೇಶಗಳು ಇಂಗ್ಲಿಷಿನಲ್ಲಿರಲಿ, ಅವುಗಳ ಅರ್ಥ, ಕ್ರಮ, ಕಾರಣ ಕನ್ನಡದಲ್ಲಿ ಸಿಗಬೇಕು. ಗಡಿನಾಡಿನ ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಮೇಲಿನ ಹಂತಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಂಪ್ಯೂಟರ್ ಕೋಣೆಯ ಗೋಡೆಗೆ ಅಂಟಿಸಿ. ನಂತರ ಬೀರುವಿನ ಬೀಗ ತೆಗೆದು, ಎಂಟನೇ ತರಗತಿಯ ಮಕ್ಕಳನ್ನು ಕರೆಯಿರಿ.