ಕುದುರೆಯ ಮೇವಿಗೂ ಹಬೆ ಬೇಕೆ?

ಕುದುರೆಯ ಬಾಯಿ ಇರುವುದು ತಿನ್ನುವುದಕ್ಕೆ, ಉಸಿರಾಡುವುದಕ್ಕಲ್ಲ. ಮನುಷ್ಯನಿಗೆ ನೆಗಡಿಯಾಗಿ ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರಾಡುತ್ತಾನೆ. ಕುದುರೆಗೆ ಆ ಅನುಕೂಲವಿಲ್ಲ. ಅದರ ಮೃದು ಅಂಗುಳವು ಬಾಯಿಯ ದಾರಿಯನ್ನು ಗಾಳಿಯ ದಾರಿಯಿಂದ ಬೇರ್ಪಡಿಸಿಬಿಟ್ಟಿದೆ. ಸುಮ್ಮನೆ ನಿಂತಿರುವ ದೊಡ್ಡ ಕುದುರೆಯೊಂದು ನಿಮಿಷಕ್ಕೆ 8ರಿಂದ 14 ಬಾರಿ ಉಸಿರಾಡುತ್ತದೆ. ಪ್ರತಿ ಉಸಿರಿಗೂ ಸುಮಾರು 5 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಷ್ಟೂ ಗಾಳಿ ಮೂಗಿನ ಹೊಳ್ಳೆಗಳ ಮೂಲಕವೇ ಹೋಗಬೇಕು. ಲಾಯದಲ್ಲಿ ಕಟ್ಟಿದ ಕುದುರೆಯ ಮೂಗಾದರೋ ದಿನದಲ್ಲಿ ಹಲವು ಗಂಟೆ ಒಣಹುಲ್ಲಿನೊಳಗೇ ಇರುತ್ತದೆ!

ಇಂಗ್ಲೆಂಡ್ ಮತ್ತು ಉತ್ತರ ಯೂರೋಪಿನ ದೇಶಗಳಲ್ಲಿ ಚಳಿಗಾಲ ದೀರ್ಘ. ಬೇಸಿಗೆಯಲ್ಲಿ ಕೊಯ್ದು ಒಣಗಿಸಿ ಕಟ್ಟಿಟ್ಟ ಹುಲ್ಲೇ ಆಗ ಕುದುರೆಗಳಿಗೆ ಆಧಾರ. 500 ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಹುಲ್ಲು ಬೇಕು. ಆದರೆ ಅಲ್ಲಿ ಬೇಸಿಗೆಯಲ್ಲೂ ಮಳೆ ಬರುವುದುಂಟು. ಹುಲ್ಲು ಸರಿಯಾಗಿ ಒಣಗುವ ಮೊದಲೇ ಕಟ್ಟಿದರೆ, ಉಳಿದ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಹೊರೆಯೊಳಗೆ ಕಾವೇರುತ್ತದೆ. ಹಸಿ ಹುಲ್ಲಿನ ಬಣವೆ ಬಿಸಿಯಾಗುವುದನ್ನು ನಮ್ಮ ರೈತರೂ ಬಲ್ಲರು. ಈ ಬೆಚ್ಚನೆಯ ತೇವ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ.

ಹುಲ್ಲನ್ನು ಕೊಡವಿದಾಗ ಏಳುವ ಧೂಳು ಬರೀ ಮಣ್ಣಲ್ಲ. ಹುಲ್ಲಿನ ಪುಡಿ, ಪರಾಗ, ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಕಗಳು ಎಲ್ಲವೂ ಅದರಲ್ಲಿವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿನ ಬೀಜಕದ ಗಾತ್ರ 2ರಿಂದ 3 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದೊಡ್ಡ ಕಣಗಳನ್ನು ಮೂಗೇ ತಡೆದುಬಿಡುತ್ತದೆ. 5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳದವರೆಗೂ ಇಳಿಯಬಲ್ಲವು.

ಅಲ್ಲಿ ಅವು ಕೆರಳಿಸಿದಾಗ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಫ ತುಂಬುತ್ತದೆ. ಕುದುರೆ ಕೆಮ್ಮುತ್ತದೆ, ಬೇಗ ದಣಿಯುತ್ತದೆ. ರೋಗ ಬಲಿತರೆ ಉಸಿರು ಹೊರಹಾಕಲು ಹೊಟ್ಟೆಯ ಸ್ನಾಯುಗಳನ್ನೇ ಹಿಂಡಬೇಕಾಗುತ್ತದೆ. ಹಿಂದೆ ಹಲವು ಹೆಸರುಗಳಿದ್ದ ಈ ಕಾಯಿಲೆಯನ್ನು ‘ಕುದುರೆಯ ಅಸ್ತಮಾ’ ಎಂದೇ ಕರೆಯಬೇಕೆಂದು 2016ರಲ್ಲಿ ಪಶುವೈದ್ಯ ತಜ್ಞರು ಸೂಚಿಸಿದರು. ತೀವ್ರ ರೂಪದ ಅಸ್ತಮಾ ಪೂರ್ತಿ ಗುಣವಾಗುವುದಿಲ್ಲ. ಹತೋಟಿಯಲ್ಲಿ ಇಡಬಹುದು, ಅಷ್ಟೆ. ಆದ್ದರಿಂದ ಔಷಧಕ್ಕಿಂತ ಮೊದಲು ಧೂಳನ್ನು ತಡೆಯಬೇಕು.

ಹುಲ್ಲನ್ನು ನೀರಿನಲ್ಲಿ ನೆನೆಸುವುದು ಹಳೆಯ ಉಪಾಯ. ಒದ್ದೆಯಾದ ಕಣಗಳು ಹುಲ್ಲಿಗೇ ಅಂಟಿಕೊಂಡು ಧೂಳು ಏಳುವುದಿಲ್ಲ. ಆದರೆ ಹುಲ್ಲಿನ ಸಕ್ಕರೆ ಮತ್ತು ಖನಿಜಗಳು ನೀರಿನೊಡನೆ ಹೊರಟುಹೋಗುತ್ತವೆ. ಗಂಟೆಗಟ್ಟಲೆ ನೆನೆದರೆ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ ಎಂಬುದು ಇಂಗ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂತು.

ಇಲ್ಲಿ ನೆರವಿಗೆ ಬರುವುದು ಹಬೆ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 100 ಕ್ಯಾಲೊರಿ ಸಾಕು. ಅದೇ ಕುದಿಯುವ ನೀರನ್ನು ಹಬೆಯಾಗಿಸಲು ಇನ್ನೂ 540 ಕ್ಯಾಲೊರಿ ಬೇಕು. ಹಬೆ ಮತ್ತೆ ನೀರಾಗುವಾಗ ಈ ಗುಪ್ತೋಷ್ಣವನ್ನೆಲ್ಲ ಬಿಟ್ಟುಕೊಡುತ್ತದೆ. ಇಡ್ಲಿ ಬೇಯುವುದೂ ಇದರಿಂದಲೇ. ಹುಲ್ಲಿನೊಳಗೆ ಹಬೆ ಹೊಕ್ಕಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಶಾಖಕ್ಕೆ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ, ತೇವಕ್ಕೆ ಕಣಗಳು ಅಂಟಿಕೊಳ್ಳುತ್ತವೆ. ಹರಿದುಹೋಗುವಷ್ಟು ನೀರಿಲ್ಲದ್ದರಿಂದ ಪೋಷಕಾಂಶಗಳೂ ಹೆಚ್ಚಾಗಿ ಉಳಿಯುತ್ತವೆ.

ಆದರೆ ಒಂದು ತೊಡಕಿದೆ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಹೊರಗಿನಿಂದ ಮಾತ್ರ ಹಬೆ ತೋರಿಸಿದರೆ ನಡುವಿನ ಹುಲ್ಲು ಉಗುರುಬೆಚ್ಚಗಾಗಿ ನಿಲ್ಲುತ್ತದೆ. ಸೂಕ್ಷ್ಮಜೀವಿಗಳು ಸಾಯುವುದರ ಬದಲು ಇನ್ನಷ್ಟು ಬೆಳೆಯಬಹುದು. ಅದಕ್ಕೇ ಮುಚ್ಚಿದ ಪೆಟ್ಟಿಗೆಯಲ್ಲಿ, ತೂತುಗಳಿರುವ ಲೋಹದ ಮೊಳೆಗಳನ್ನು ಹೊರೆಯೊಳಗೆ ಚುಚ್ಚಿ, ನಡುವಿಗೇ ಹಬೆ ಹಾಯಿಸುವ ಯಂತ್ರಗಳು ಬಂದಿವೆ. ಇಡೀ ಹೊರೆ 100 ಡಿಗ್ರಿಯ ಸಮೀಪ ಮುಟ್ಟಲು ಸುಮಾರು ಒಂದು ಗಂಟೆ ಬೇಕು. ಹಾಗೆ ಬೆಂದ ಹುಲ್ಲನ್ನು ಬೇಗ ತಿನ್ನಿಸಿಬಿಡಬೇಕು. ಇಟ್ಟರೆ ಬೂಷ್ಟು ಮತ್ತೆ ಹಿಡಿಯುತ್ತದೆ.

ಹಬೆ ಕೆಟ್ಟ ಹುಲ್ಲನ್ನು ಒಳ್ಳೆಯದಾಗಿಸುವ ಮಂತ್ರವಲ್ಲ. ಬೂಷ್ಟು ಸತ್ತರೂ ಅದು ಹಿಂದೆ ಬಿಟ್ಟಿದ್ದ ವಿಷಗಳು ಉಳಿಯಬಹುದು. ಲಾಯದಲ್ಲಿ ಗಾಳಿಯಾಡಬೇಕು, ಕುದುರೆಯ ಕಾಲಡಿ ಹಾಸುವ ಹುಲ್ಲೂ ಧೂಳಿಲ್ಲದಿರಬೇಕು. ಬಯಲಿನಲ್ಲಿ ಮೇಯುವ ಅವಕಾಶ ಸಿಕ್ಕಿದರೆ ಇನ್ನೂ ಒಳ್ಳೆಯದು.

ಈ ಧೂಳು ಮನುಷ್ಯನನ್ನೂ ಬಿಡುವುದಿಲ್ಲ. ಬೂಷ್ಟು ಹಿಡಿದ ಹುಲ್ಲಿನಲ್ಲಿ ದುಡಿದವರಿಗೆ ಬರುವ ಉಸಿರಾಟದ ತೊಂದರೆಯನ್ನು ಬ್ರಿಟನ್ನಿನ ವೈದ್ಯ ಕ್ಯಾಂಪ್‌ಬೆಲ್ 1932ರಲ್ಲಿ ವರ್ಣಿಸಿದರು. ಅದಕ್ಕೆ ‘ರೈತನ ಶ್ವಾಸಕೋಶ’ ಎಂಬ ಹೆಸರೇ ಬಂದಿದೆ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಒಂದು ಹಿಡಿ ಶುಭ್ರವಾದ ಒಣಹುಲ್ಲನ್ನು ಕೊಡವಿ, ಏಳುವ ಧೂಳನ್ನು ಗಮನಿಸಬೇಕು. ಅದೇ ಹುಲ್ಲಿಗೆ ನೀರು ಚಿಮುಕಿಸಿ ಮತ್ತೆ ಕೊಡವಿದರೆ ವ್ಯತ್ಯಾಸ ತಿಳಿಯುತ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಬೂಷ್ಟಿನ ವಾಸನೆ ಇರುವ ಹುಲ್ಲನ್ನು ಮುಟ್ಟಬಾರದು. ಮನೆಯಲ್ಲಿ ಅಸ್ತಮಾ ಇರುವವರು ಈ ಪ್ರಯೋಗದಿಂದ ದೂರವಿರುವುದೇ ಲೇಸು.